ಜಾಲರಿ ಯಾರ ಪರ?

ಹಲ್ಲಿಗೆ ಕ್ಲಿಪ್ ಹಾಕಿಸಲು ಹೋದರೆ ಸಾಮಾನ್ಯವಾಗಿ ಮೊದಲು ತಲೆಬುರುಡೆಯ ಪಕ್ಕನೋಟದ ಎಕ್ಸ್-ರೇ ಆಗಬೇಕು. ಸೆಫಲೋಗ್ರಾಮ್ ಎನ್ನುತ್ತಾರೆ. ಎರಡು ಕಿವಿಗೂ ಕಡ್ಡಿ ಸಿಕ್ಕಿಸಿ ತಲೆಯನ್ನು ಅಲ್ಲಾಡದಂತೆ ಹಿಡಿಯುವ ಈ ಯಂತ್ರವನ್ನು 1931ರಲ್ಲಿ ಜಗತ್ತಿಗೆ ಪರಿಚಯಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಹಾಲಿ ಬ್ರಾಡ್‌ಬೆಂಟ್.

ತಲೆ ಹೊಕ್ಕ ಕಿರಣಗಳೆಲ್ಲ ನೇರವಾಗಿ ಆಚೆ ಬರುವುದಿಲ್ಲ. ಎಷ್ಟೋ ಕಿರಣಗಳು ಎಲೆಕ್ಟ್ರಾನುಗಳಿಗೆ ಬಡಿದು ದಿಕ್ಕು ತಪ್ಪುತ್ತವೆ. ಚಾರ್ಮಾಡಿ ಘಾಟಿಯ ಮಂಜಿಗೆ ಹೆಡ್‌ಲೈಟ್ ಬಿಟ್ಟರೆ ಮಂಜೇ ಬೆಳಗಿ ರಸ್ತೆ ಮರೆಯಾಗುತ್ತದಲ್ಲ, ಈ ಚದುರಿದ ಕಿರಣಗಳಿಂದ ಚಿತ್ರಕ್ಕೂ ಅದೇ ಗತಿ. ಮಂಜು ಹುಟ್ಟುವುದು ಮಾತ್ರ ರೋಗಿಯ ತಲೆಯೊಳಗೇ.

1913ರಲ್ಲಿ ಬರ್ಲಿನ್ನಿನ ಗುಸ್ಟಾವ್ ಬಕಿ ಇದಕ್ಕೊಂದು ಉಪಾಯ ಹುಡುಕಿದ: ಫಿಲ್ಮಿನ ಮುಂದೆ ಸೀಸದ ಪಟ್ಟಿಗಳ ಜಾಲರಿ. ಓರೆಯಾಗಿ ಬಂದ ಕಿರಣ ಪಟ್ಟಿಗೆ ಬಡಿದು ಅಲ್ಲೇ ಸಾಯುತ್ತದೆ. ಚಿತ್ರ ಸ್ವಚ್ಛವಾಯಿತು, ನಿಜ. ಆದರೆ ಜಾಲರಿ ಒಂದಷ್ಟು ನೇರ ಕಿರಣಗಳನ್ನೂ ನುಂಗುತ್ತದೆ. ಆ ನಷ್ಟ ತುಂಬಲು ಇನ್ನಷ್ಟು ವಿಕಿರಣ ಬಿಡಬೇಕು. ಅಂದರೆ ಜಾಲರಿ ಫಿಲ್ಮಿನ ಪರ, ರೋಗಿಯ ಪರ ಅಲ್ಲ. ಮುಖ್ಯವಾಗಿ ಮೂಳೆಯ ಗುರುತುಗಳನ್ನು ಅಳೆಯುವ ಸೆಫಲೋಗ್ರಾಮಿಗೆ ಸಾಮಾನ್ಯವಾಗಿ ಅದು ಬೇಕಾಗುವುದೂ ಇಲ್ಲ.

ಮೂಗು-ತುಟಿಗಳ ಗೆರೆ ಕಾಣಿಸಲು ಬಳಸುವ ಅಲ್ಯೂಮಿನಿಯಮ್ ಬೆಣೆಯ ಕಥೆ ಇನ್ನೂ ಸ್ವಾರಸ್ಯ. ಫಿಲ್ಮಿನ ಬಳಿ ಇಟ್ಟರೆ ಮುಖಕ್ಕೆ ಬೀಳುವ ವಿಕಿರಣ ಎಳ್ಳಷ್ಟೂ ಕಮ್ಮಿಯಾಗದು. ಅದನ್ನೇ ಎಕ್ಸ್-ರೇ ಹೊಮ್ಮುವ ಕೊಳವೆಯ ಬಾಯಿಗೆ ಇಟ್ಟರೆ ಗೆರೆಯೂ ಕಾಣುತ್ತದೆ, ಮುಖಕ್ಕೆ ಬೀಳುವ ವಿಕಿರಣವೂ ತಗ್ಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ದಾರಿ, ಚದುರುವ ಮೊದಲೇ ಕಿರಣಪುಂಜವನ್ನು ಕಿರಿದಾಗಿಸುವುದು. ವೈದ್ಯರಿಗೆ ಬೇಕಿಲ್ಲದ ನೆತ್ತಿಗೂ, ಥೈರಾಯ್ಡ್ ಇರುವ ಕತ್ತಿಗೂ ಕಿರಣ ಬೀಳದಂತೆ ಕೊಳವೆಯ ಬಾಯಿಗೆ ಸೀಸದ ಕಿಂಡಿ ಹಾಕಿದರಾಯಿತು. ಕಿರಣ ತಗಲುವ ಜಾಗ ಕಿರಿದಾದಷ್ಟೂ ಚದುರುವುದೂ ಕಡಿಮೆ. ಚಿತ್ರಕ್ಕೂ ಲಾಭ, ರೋಗಿಗೂ ಲಾಭ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ ಇದನ್ನು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲೇ ಹೇಳಿದ್ದ. ಎಕ್ಸ್-ರೇಗೆ ಗಿನಿಪಿಗ್‌ಗಳು ಸಾಯುವುದನ್ನು 1901ರಲ್ಲಿ ತೋರಿಸಿಯೂ ಕೊಟ್ಟ. ಆಗ ಕಿವಿಗೊಟ್ಟವರು ಕಡಿಮೆ. ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ಎಕ್ಸ್-ರೇಯ ಹುಚ್ಚಿಗೆ ಬೆರಳುಗಳನ್ನೂ ತೋಳನ್ನೂ ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟರು.

ಹಾಗಾದರೆ ಎದೆಗೆ ಹೊದಿಸುವ ಆ ಭಾರದ ಸೀಸದ ಏಪ್ರನ್? ತಲೆಯಿಂದ ಮೈಯೊಳಗೇ ಇಳಿದು ಬರುವ ಚದುರಿದ ಕಿರಣವನ್ನು ಹೊರಗಿನ ಹೊದಿಕೆ ತಡೆಯಲಾರದು. ಏಪ್ರನ್ನನ್ನೂ ಕತ್ತುಪಟ್ಟಿಯನ್ನೂ ಕೈಬಿಡಬಹುದೆಂದು ಅಮೆರಿಕದ ದಂತವೈದ್ಯರ ಸಂಘದ ತಜ್ಞರು 2024ರಲ್ಲಿ ಹೇಳಿದರು. ಕಿರಣಪುಂಜವನ್ನು ಬೇಕಾದಷ್ಟಕ್ಕೇ ಮಿತಗೊಳಿಸಿ ಎಂದರು.