ತರುಣರೂ ಕ್ರೆಡಿಟ್ ಕಾರ್ಡೂ

ಹಾವೇರಿಯ ಕಡೆಯಿಂದ ಬೆಂಗಳೂರಿಗೆ ಬಂದು ಮೊದಲ ಉದ್ಯೋಗಕ್ಕೆ ಸೇರಿದ ನಮ್ಮ ಪರಿಚಯದ ತರುಣನೊಬ್ಬನು ಈಚೆಗೆ ಒಂದು ಸಂದೇಹವನ್ನು ನಮ್ಮ ಮುಂದಿಟ್ಟನು. ಅವನಿಗೆ ಇಪ್ಪತ್ತಮೂರು ವರ್ಷ. ತಿಂಗಳ ಸಂಬಳ ೨೮,೦೦೦ ರೂಪಾಯಿ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿಯೇ, ಕಛೇರಿಯ ಕೆಳಗಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಬ್ಯಾಂಕಿನ ಪ್ರತಿನಿಧಿಯೊಬ್ಬನು ಅವನನ್ನು ಕರೆದು, ಕ್ರೆಡಿಟ್ ಕಾರ್ಡೊಂದನ್ನು ತೆಗೆದುಕೊಳ್ಳಬೇಕೆಂದು ಬಹಳವಾಗಿ ಒತ್ತಾಯಪಡಿಸಿದನಂತೆ. ಊರಿನಲ್ಲಿರುವ ತಂದೆಗೆ ಈ ಸಂಗತಿಯನ್ನು ತಿಳಿಸಲಾಗಿ, 'ನಮ್ಮ ಮನೆತನದಲ್ಲಿ ಯಾರೂ ಬ್ಯಾಂಕಿನ ಸಾಲದ ಪುಸ್ತಕದಲ್ಲಿ ಹೆಸರು ಬರೆಯಿಸಿದವರಲ್ಲ. ನೀನು ಅದರ ಗೊಡವೆಗೆ ಹೋಗಬೇಡ' ಎಂದು ಅವರು ಖಂಡಿತವಾಗಿ ಹೇಳಿಬಿಟ್ಟರು. ಸಾಲವನ್ನು ಕುರಿತು ಸರ್ವಜ್ಞನು ಆಡಿದ ಮಾತನ್ನು ಅವರು ಮಗನಿಗೆ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿಸಿದ್ದರು. ಜೊತೆಯ ಕೆಲಸಗಾರರಾದರೋ, ಕಾರ್ಡು ಇಲ್ಲದವನಿಗೆ ಮುಂದೆ ಮನೆ ಕಟ್ಟುವ ಸಾಲ ಹುಟ್ಟಲಾರದೆಂದು ಹೆದರಿಸಿದರು. ತಾನು ಮಾಡತಕ್ಕದ್ದೇನು ಎಂಬುದೇ ತರುಣನ ಪ್ರಶ್ನೆ.

ಇದು ಅವನೊಬ್ಬನ ಪ್ರಶ್ನೆಯಲ್ಲ. ದೇಶದಲ್ಲಿ ಬಳಕೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ೨೦೨೪ರಲ್ಲಿ ಹತ್ತು ಕೋಟಿಯನ್ನು ದಾಟಿತು. ಸಾಲವೆಂಬುದು ಮದುವೆಗೋ ಬಿತ್ತನೆಗೋ ಕಾಯಿಲೆಗೋ ಮಾತ್ರ ಎಂದು ತಿಳಿದಿದ್ದ ಮನೆಗಳ ಮಕ್ಕಳು, ಇಂದು ಸಂಬಳದ ಮೊದಲ ವರ್ಷದಲ್ಲಿಯೇ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಕಾಲ ಬಂದಿದೆ.

ಸಾಲಕ್ಕೆ ಯೋಗ್ಯನೆಂಬ ನಂಬಿಕೆಗೆ ಕನ್ನಡದಲ್ಲಿ ಪತ್ತು ಎಂಬ ಒಳ್ಳೆಯ ಮಾತಿದೆ. ೧೯೦೪ರ ಕಾಯಿದೆಯು ಜಾರಿಗೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಕಾಲದ ಗ್ರಾಮಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ; ಒಬ್ಬನು ಸಾಲ ತೀರಿಸದೆ ಹೋದರೆ ಅದರ ಭಾರ ಉಳಿದವರ ಮೇಲೆ ಬೀಳುತ್ತಿತ್ತು. ಆದಕಾರಣ ಯಾವನು ದುಡಿಯುವವನು, ಯಾವನು ದುಂದುಗಾರ ಎಂಬುದನ್ನು ನೆರೆಯವರೇ ನೋಡಿಕೊಳ್ಳುತ್ತಿದ್ದರು. ಇಂದು ಆ ನೆರೆಯವರ ಸ್ಥಾನದಲ್ಲಿ ಒಂದು ಅಂಕಿ ಕುಳಿತಿದೆ. ೨೦೦೦ದಲ್ಲಿ ಮುಂಬಯಿಯಲ್ಲಿ ಸಿಬಿಲ್ ಎಂಬ ಸಂಸ್ಥೆ ಹುಟ್ಟಿತು. ೨೦೦೫ರಲ್ಲಿ ಇಂತಹ ಸಂಸ್ಥೆಗಳಿಗೆಂದೇ ಕಾಯಿದೆಯಾಯಿತು. ಈಗ ಇರುವ ನಾಲ್ಕು ಸಂಸ್ಥೆಗಳು ಪ್ರತಿಯೊಬ್ಬನ ಸಾಲ ಮತ್ತು ಮರುಪಾವತಿಯ ಲೆಕ್ಕವಿಟ್ಟು, ೩೦೦ರಿಂದ ೯೦೦ರ ವರೆಗಿನ ಅಂಕವನ್ನು ಕೊಡುತ್ತವೆ. ಸಾಲವನ್ನೇ ಮಾಡದವನಿಗೆ ಅಂಕವಿಲ್ಲ. ಅವನು ಕೆಟ್ಟವನೆಂದಲ್ಲ, ಅವನನ್ನು ಅಳೆಯುವ ಸಾಧನ ಅವರಲ್ಲಿಲ್ಲವೆಂದಷ್ಟೇ ಅರ್ಥ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ತರುಣನ ತಂದೆಯೂ ಸಾಲ ಮಾಡದವರೇನಲ್ಲ. ಮಗಳ ಮದುವೆಯಲ್ಲಿ ಪಕ್ಕದೂರಿನ ಸಾಹುಕಾರರಿಂದ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಗಡ ತಂದು, ಎರಡು ಸುಗ್ಗಿಗಳಲ್ಲಿ ಬಡ್ಡಿಸಮೇತ ತೀರಿಸಿದರು. ಅಷ್ಟು ಪ್ರಾಮಾಣಿಕವಾಗಿ ತೀರಿಸಿದ ಸಾಲಕ್ಕೆ ಸಾಹುಕಾರರ ಮನಸ್ಸಿನಲ್ಲಿ ಹೊರತು ಎಲ್ಲಿಯೂ ದಾಖಲೆಯಿಲ್ಲ. ಬ್ಯಾಂಕಿನ ದೃಷ್ಟಿಯಲ್ಲಿ ಅವರು ಇಂದಿಗೂ ಪರಿಚಯವಿಲ್ಲದ ಮನುಷ್ಯ. ಜೊತೆಯ ಕೆಲಸಗಾರರ ಮಾತಿಗೆ ಆಧಾರವಿರುವುದು ಇಷ್ಟರಮಟ್ಟಿಗೆ. ಆದರೆ ಅವರು ಹುಟ್ಟಿಸುವ ಭಯ ಅಳತೆ ಮೀರಿದ್ದು. ಮೊದಲ ಸಲ ಸಾಲ ಕೇಳುವವನ ಅರ್ಜಿಯನ್ನು, ಹಿಂದಿನ ದಾಖಲೆಯಿಲ್ಲವೆಂಬ ಒಂದೇ ಕಾರಣದಿಂದ ತಳ್ಳಿಹಾಕಕೂಡದೆಂದು ರಿಸರ್ವ್ ಬ್ಯಾಂಕು ಸೂಚಿಸಿರುವುದನ್ನು ೨೦೨೫ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಇನ್ನು ಕಾರ್ಡಿನ ವ್ಯವಹಾರವನ್ನೇ ನೋಡೋಣ. ಕೊಂಡ ದಿನದಿಂದ ಗಡುವಿನ ದಿನದ ವರೆಗೆ, ಅಂದರೆ ಹೆಚ್ಚೆಂದರೆ ನಲವತ್ತೈದು ಐವತ್ತು ದಿನ, ಬಡ್ಡಿಯಿಲ್ಲ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟಿದವನಿಗೆ ಬ್ಯಾಂಕು ತನ್ನ ಹಣವನ್ನು ಬಿಟ್ಟಿಯಾಗಿ ಕೊಟ್ಟಂತಾಯಿತು. ಇಂತಹವನಿಂದ ಬ್ಯಾಂಕಿಗೆ ಬರುವ ಲಾಭ ಅಲ್ಪ. ಲಾಭದ ಬೆಳೆ ಇರುವುದು ಪೂರ್ಣ ಕಟ್ಟಲಾರದವನ ಹೊಲದಲ್ಲಿ. ಬಿಲ್ಲಿನ ಮೂಲೆಯಲ್ಲಿ 'ಕನಿಷ್ಠ ಪಾವತಿ' ಎಂದು ಒಂದು ಸಣ್ಣ ಮೊತ್ತವನ್ನು ಮುದ್ರಿಸಿರುತ್ತಾರೆ. ಇದನ್ನು ಕಟ್ಟಿದರೆ ಸಾಕೆಂಬ ಭಾವನೆ ಅನುಭವವಿಲ್ಲದವನಿಗೆ ಸಹಜವಾಗಿಯೇ ಹುಟ್ಟುವುದು.

ನಮ್ಮ ತರುಣನು ೪೦,೦೦೦ ರೂಪಾಯಿಯ ಒಂದು ಫೋನನ್ನು ಕಾರ್ಡಿನಲ್ಲಿ ಕೊಂಡನೆಂದು ಇಟ್ಟುಕೊಳ್ಳಿ. ಕನಿಷ್ಠ ಪಾವತಿ ಬಾಕಿಯ ಶೇಕಡಾ ೫ ಎಂದಾದರೆ ಅವನು ೨,೦೦೦ ರೂಪಾಯಿ ಕಟ್ಟುವನು. ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿ ೧,೪೦೦. ಆ ಬಡ್ಡಿಯ ಮೇಲೆ ಶೇಕಡಾ ೧೮ರ ತೆರಿಗೆ ೨೫೨. ಅಸಲಿಗೆ ಸಂದದ್ದು ಉಳಿದ ೩೪೮ ರೂಪಾಯಿ ಮಾತ್ರ! ಬಾಕಿ ಇಳಿದಂತೆ ಕನಿಷ್ಠ ಪಾವತಿಯೂ ಇಳಿಯುವುದರಿಂದ, ಇದೇ ರೀತಿ ಆರು ವರ್ಷ ನಡೆಯಿಸಿದರೆ ಅವನು ಒಂದು ಲಕ್ಷಕ್ಕೂ ಮಿಗಿಲಾಗಿ ಕಟ್ಟಿದ ಮೇಲೆಯೂ ೨೧,೦೦೦ಕ್ಕಿಂತ ಹೆಚ್ಚು ಬಾಕಿ ಉಳಿದೇ ಇರುವುದು. ಆ ಹೊತ್ತಿಗೆ ಫೋನು ಎಲ್ಲಿರುವುದೋ ಬಲ್ಲವರಾರು? ಇದರ ಮೇಲೆ, ಹಳೆಯ ಬಾಕಿ ಇರುವ ತನಕ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ದೊರೆಯುವುದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿ ಆ ದಿನದಿಂದಲೇ ಓಡತೊಡಗುವುದು. ಮದುವೆಗೆ ತಂದ ಕೈಗಡವೂ ಈ ಕಾರ್ಡೂ ದರದಲ್ಲಿ ಹೆಚ್ಚುಕಡಿಮೆ ಒಂದೇ ಎಂಬುದನ್ನು ತಂದೆಮಕ್ಕಳಿಬ್ಬರೂ ಗಮನಿಸಬಹುದು.

ಕಾನೂನು ಈ ಬಡ್ಡಿಗೆ ಕಡಿವಾಣ ಹಾಕಿಲ್ಲವೇ ಎಂದು ವಾಚಕರು ಕೇಳಬಹುದು. ವರ್ಷಕ್ಕೆ ಶೇಕಡಾ ೩೦ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು ೨೦೦೮ರಲ್ಲಿ ತೀರ್ಪಿತ್ತಿತ್ತು. ಸುಪ್ರೀಂ ಕೋರ್ಟು ೨೦೨೪ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ಕೇಳದವನಿಗೆ ಕಾರ್ಡು ಕಳಿಸಕೂಡದು, ಮುಚ್ಚಲು ಕೋರಿದ ಖಾತೆಯನ್ನು, ಬಾಕಿಯಿಲ್ಲದ ಪಕ್ಷದಲ್ಲಿ, ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು ಎಂಬಂತಹ ಉಪಯುಕ್ತ ನಿಯಮಗಳನ್ನು ರಿಸರ್ವ್ ಬ್ಯಾಂಕು ೨೦೨೨ರಲ್ಲಿ ವಿಧಿಸಿದೆ. ಬಡ್ಡಿಯ ದರ ಮಾತ್ರ ಬ್ಯಾಂಕುಗಳ ವಿವೇಕಕ್ಕೆ ಬಿಟ್ಟದ್ದು. ಕೇಳದವರಿಗೆ ಕಳಿಸುವ ಚಟವಾದರೂ ಹಳೆಯದೇ: ೧೯೫೮ರಲ್ಲಿ ಅಮೆರಿಕದ ಬ್ಯಾಂಕೊಂದು ಕ್ಯಾಲಿಫೋರ್ನಿಯದ ಫ್ರೆಸ್ನೊ ಎಂಬ ಊರಿನಲ್ಲಿ ಅರವತ್ತು ಸಾವಿರ ಕಾರ್ಡುಗಳನ್ನು ಅಂಚೆಯಲ್ಲಿ ಹಂಚಿಬಿಟ್ಟಿತು. ಅದೇ ದೇಶವು ೨೦೦೯ರಲ್ಲಿ, ಇಪ್ಪತ್ತೊಂದು ತುಂಬದವನು ಸ್ವಂತ ವರಮಾನವನ್ನು ತೋರಿಸಬೇಕು, ಇಲ್ಲವೇ ಜೊತೆಗೆ ಹೊಣೆ ಹೊರುವ ಹಿರಿಯನನ್ನು ತರಬೇಕು ಎಂಬ ಕಾಯಿದೆಯನ್ನು ಮಾಡಿತು. ನಮ್ಮಲ್ಲಿ ಹದಿನೆಂಟು ತುಂಬಿದವನು ಕರಾರಿಗೆ ಅರ್ಹ. ಉಳಿದದ್ದು ಬ್ಯಾಂಕಿನ ಎಣಿಕೆಗೆ ಸೇರಿದ್ದು.

ಹಿಂದೆ ಕಿರಾಣಿ ಅಂಗಡಿಯ ಗೋಡೆಯ ಮೇಲೆ 'ಇಂದು ನಗದು, ನಾಳೆ ಸಾಲ' ಎಂಬ ಹಲಗೆ ತೂಗುತ್ತಿತ್ತು. ಆದರೂ ಅಂಗಡಿಯವನು ಗುರುತಿನವರಿಗೆ ಉದ್ರಿ ಕೊಡುತ್ತಿದ್ದನು. ಲೆಕ್ಕ ಮೀರಿದ ದಿನ ಮುಖ ಸಿಂಡರಿಸುತ್ತಿದ್ದನು. ಆ ಸಿಂಡರಿಸಿದ ಮುಖವು ಎಷ್ಟು ಸಂಸಾರಗಳನ್ನು ಕಾಪಾಡಿತೋ! ೨೦೨೨ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಫೋನಿನ ಯುಪಿಐಗೆ ಜೋಡಿಸುವ ಏರ್ಪಾಡು ಬಂದಿದೆ. ಚಹದ ಹಣವನ್ನೂ ತರಕಾರಿಯ ಹಣವನ್ನೂ ಸಾಲದಿಂದ ಸಲ್ಲಿಸಬಹುದು. ಕೈಬೆರಳಿನ ಚಲನೆ ಎರಡಕ್ಕೂ ಒಂದೇ ಆದುದರಿಂದ, ತನ್ನ ಹಣವನ್ನು ಕೊಟ್ಟೆನೋ ಬ್ಯಾಂಕಿನ ಹಣವನ್ನು ಕೊಟ್ಟೆನೋ ಎಂಬುದು ತಿಂಗಳ ಕೊನೆಯ ತನಕ ಮನಸ್ಸಿಗೆ ತಟ್ಟುವುದಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಮನುಷ್ಯನು ದಿನವೂ ಬಾಗಿಲಿಗೆ ಬಂದು ಎರಡಾಣೆಯ ಉಳಿತಾಯವನ್ನು ಒಯ್ಯುತ್ತಿದ್ದನು. ಇಂದು ಬಾಗಿಲಿಗೆ ಬರುವವನು ಸಾಲವನ್ನು ಕೊಟ್ಟುಹೋಗಲು ಬರುತ್ತಾನೆ. ಅವನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವನೂ ಸಂಬಳದ ಗುರಿ ಮುಟ್ಟಲು ಒದ್ದಾಡುವ ತರುಣನೇ.

ಹೀಗಿರಲು ನಾವು ಆ ತರುಣನಿಗೆ ಹೇಳಿದ್ದಿಷ್ಟು. ಕಾರ್ಡು ಪ್ರಯೋಜನಕ್ಕೆ ಬರುವುದು ಅದರ ಅಗತ್ಯವಿಲ್ಲದವನಿಗೆ. ತಿಂಗಳ ಖರ್ಚಿಗೆ ಸಂಬಳ ಸಾಲದೆ ಕಾರ್ಡಿನ ಕಡೆಗೆ ನೋಡುವವನು ಅದನ್ನು ಮುಟ್ಟತಕ್ಕದ್ದಲ್ಲ. ಆರು ತಿಂಗಳು ಖರ್ಚಿನ ಲೆಕ್ಕ ಬರೆದು ನೋಡಲಿ. ಊರಿಗೆ ಕಳಿಸುವುದು ಹೋಗಿ ಪ್ರತಿ ತಿಂಗಳೂ ಏನಾದರೂ ಉಳಿಯುತ್ತದೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗುವುದು. ಉಳಿದರೆ, ಆ ಉಳಿತಾಯವನ್ನೇ ಬ್ಯಾಂಕಿನಲ್ಲಿ ಮುದ್ದತಿನ ಠೇವಣಿಯಾಗಿಟ್ಟು ಅದರ ಆಧಾರದ ಮೇಲೆ ಸಣ್ಣ ಮಿತಿಯ ಕಾರ್ಡನ್ನು ಪಡೆಯುವ ದಾರಿಯುಂಟು. ಬಿಲ್ಲಿನ ಪೂರ್ಣ ಮೊತ್ತವು ಖಾತೆಯಿಂದ ತಾನಾಗಿಯೇ ಸಲ್ಲುವಂತೆ ಆಜ್ಞೆ ಕೊಡಬೇಕು. ಅರ್ಜಿಯ ಆ ಅಂಕಣದಲ್ಲಿ 'ಕನಿಷ್ಠ' ಎಂದು ಯಾರಾದರೂ ಗುರುತು ಹಾಕಿಕೊಟ್ಟಿದ್ದರೆ ಹೊಡೆದುಹಾಕಬೇಕು. ತಿಂಗಳ ರೈಲ್ವೆ ಟಿಕೆಟೋ ವಿದ್ಯುತ್ತಿನ ಬಿಲ್ಲೋ ಅದರಿಂದ ಸಂದರೆ ಪತ್ತು ಬೆಳೆಯಲು ಅಷ್ಟೇ ಸಾಕು. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದೆಂಬ ನಿಯಮವಿರುವುದರಿಂದ, ಅದನ್ನು ತರಿಸಿ ಓದಲಿ.

'ತಂದೆಯವರಿಗೆ ನಡುರಾತ್ರಿ ಏನಾದರೂ ಆಗಿ ಆಸ್ಪತ್ರೆಯವರು ಮುಂಗಡ ಕೇಳಿದರೆ?' ಎಂದು ಅವನು ಕೇಳಿದನು. ಇದು ನಿಜವಾದ ಪ್ರಶ್ನೆ, ಅವನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಇದೇ ಎಂದು ನಮಗೆ ತೋರಿತು. ಆ ರಾತ್ರಿಗೆ ಕಾರ್ಡು ಒದಗುವುದು ಸತ್ಯ. ಆದರೆ ಮರುತಿಂಗಳು ಆ ಹಣ ಎಲ್ಲಿಂದ ಬರುವುದೆಂಬುದನ್ನು ಕಾರ್ಡು ಹೇಳುವುದಿಲ್ಲ; ಆದ್ದರಿಂದ ಮೊದಲು ಆರೋಗ್ಯವಿಮೆ, ಅನಂತರ ಎರಡು ಮೂರು ತಿಂಗಳ ಖರ್ಚಿನಷ್ಟು ಕೂಡಿಟ್ಟ ಹಣ, ಆಮೇಲೆ ಬೇಕಾದರೆ ಕಾರ್ಡು, ಎಂದೆವು.

ಅವನು ಅರ್ಜಿಯನ್ನು ಇನ್ನೂ ತುಂಬಿಲ್ಲ. ಖರ್ಚಿನ ಪುಸ್ತಕವೊಂದನ್ನು ಕೊಂಡಿದ್ದಾನೆ; ಮೊದಲ ತಿಂಗಳ ಲೆಕ್ಕದಲ್ಲಿ ೧,೯೦೦ ರೂಪಾಯಿ ಉಳಿದಿದೆಯಂತೆ. ಅಷ್ಟರಲ್ಲಿ ಪಡಸಾಲೆಯ ಪ್ರತಿನಿಧಿಯು ಎರಡು ಸಲ ಫೋನು ಮಾಡಿ, ಈ ಅವಕಾಶ ತಿಂಗಳ ಕೊನೆಯ ವರೆಗೆ ಮಾತ್ರವೆಂದು ಎಚ್ಚರಿಸಿದ್ದಾನೆ.