ಕೊಬ್ಬರಿ ಎಣ್ಣೆಯಿಂದ ನ್ಯಾನೊ ಔಷಧದವರೆಗೆ

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲುಗಾಡಿಸಿದರೆ ಒಳಗೆ ಸದ್ದು ಮಾಡುವ ಉಂಡೆ ಕೊಬ್ಬರಿಯ ಗುಣವನ್ನು ಅರಸೀಕೆರೆಯ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ತೆಂಗಿನೆಣ್ಣೆಯ ಒಂದು ಸಣ್ಣ ಅಂಶವು ಔಷಧೋದ್ಯಮದಲ್ಲಿ ವಹಿಸುತ್ತಿರುವ ಪಾತ್ರವು ಹಲವರಿಗೆ ಹೊಸ ಸಂಗತಿಯಾಗಿರಬಹುದು.

ಬಾಯಿಯ ಮೂಲಕ ನುಂಗುವ ಔಷಧಗಳಿಗೆ ಮುಖ್ಯವಾಗಿ ಎರಡು ಅಡಚಣೆಗಳಿವೆ. ಕೆಲವು ನೀರಿನಲ್ಲಿ ಕರಗುವುದಿಲ್ಲ. ಇನ್ಸುಲಿನ್‌ನಂತಹವು ಜೀರ್ಣರಸಗಳಿಗೆ ಸಿಲುಕಿ ನಾಶವಾಗುತ್ತವೆ. ನ್ಯಾನೊ ತಂತ್ರಜ್ಞಾನವು ಮೊದಲನೆಯ ಅಡಚಣೆಗೆ ಎರಡು ದಾರಿಗಳನ್ನು ತೋರಿದೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಬೆಲ್ಲದ ಅಚ್ಚಿಗಿಂತ ಪುಡಿ ಬೆಲ್ಲ ಬೇಗ ಕರಗುವಂತೆ, ಈ ಅಳತೆಗೆ ಅರೆದ ಔಷಧವೂ ಬೇಗ ಕರಗುತ್ತದೆ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ವಾಂತಿ ತಡೆಯುವ ಅಪ್ರೆಪಿಟಂಟ್ ಇದಕ್ಕೆ ಉದಾಹರಣೆ. ಎರಡನೆಯದು, ಔಷಧವನ್ನು ಎಣ್ಣೆಯಲ್ಲಿ ಕರಗಿಸಿ, ಜಠರದಲ್ಲಿ ಅತಿ ಸೂಕ್ಷ್ಮ ಹನಿಗಳಾಗಿ ಹರಡುವಂತೆ ಮಾಡುವುದು.

ಇಂತಹ ಮಿಶ್ರಣಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳಿಂದ ತಯಾರಿಸಿದ ಎಂಸಿಟಿ ಎಣ್ಣೆ. ತೆಂಗಿನೆಣ್ಣೆಯಲ್ಲಿ ಇವೆರಡೂ ಸೇರಿ ಸುಮಾರು ಶೇ. 12ರಿಂದ 15ರಷ್ಟಿದ್ದು, ಸರಿಸುಮಾರು ಅರ್ಧ ಭಾಗ ಲಾರಿಕ್ ಆಮ್ಲವಾಗಿದೆ.

ಎರಡನೆಯ ಅಡಚಣೆಯನ್ನು ದಾಟಲು ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಐಎನ್-105 ಎಂಬ ಇನ್ಸುಲಿನ್ ಮಾತ್ರೆಯನ್ನು ರೂಪಿಸಿತು. ಇದು ನ್ಯಾನೊ ಕಣವಲ್ಲ, ಮಾರ್ಪಡಿಸಿದ ಇನ್ಸುಲಿನ್ ಅಣು. ಕರುಳಿನ ಗೋಡೆಯನ್ನು ದಾಟಲು ನೆರವಾಗುವಂತೆ ಅದರೊಡನೆ ಕ್ಯಾಪ್ರಿಕ್ ಆಮ್ಲದ ಸೋಡಿಯಂ ಲವಣವನ್ನು ಸೇರಿಸಲಾಗಿತ್ತು. 2011ರಲ್ಲಿ ಪ್ರಕಟವಾದ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶದಲ್ಲಿ ಅದು ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಆದರೆ ಇಂತಹ ಪ್ರಯತ್ನಗಳು ಅಲ್ಲಿಗೇ ನಿಲ್ಲಲಿಲ್ಲ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಧುಮೇಹದ ಸೆಮಾಗ್ಲುಟೈಡ್ ಮಾತ್ರೆಯಲ್ಲಿ ಕ್ಯಾಪ್ರಿಲಿಕ್ ಆಮ್ಲದ ರೂಪಾಂತರವೊಂದು ಜಠರದಲ್ಲಿ ಔಷಧವನ್ನು ಕಾಪಾಡಿ ರಕ್ತಕ್ಕೆ ಸೇರಿಸುತ್ತದೆ.

ಹಾಗೆಂದು ಊರಿನ ಗಾಣದಲ್ಲಿ ನಾಳೆಯೇ ಎಂಸಿಟಿ ತಯಾರಾಗದು. ಎಣ್ಣೆಯನ್ನು ವಿಭಜಿಸಿ, ಆಮ್ಲಗಳನ್ನು ಬಟ್ಟಿ ಇಳಿಸಿ ಬೇರ್ಪಡಿಸಿ, ಗ್ಲಿಸರಿನ್‌ನೊಡನೆ ಮರಳಿ ಕೂಡಿಸಬೇಕು. ಇದಕ್ಕೆ ದೊಡ್ಡ ಬಂಡವಾಳವೂ ಔಷಧ ದರ್ಜೆಯ ಶುದ್ಧತೆಯೂ ಬೇಕು. ಮೇಲಾಗಿ, ಈ ಸೀಮೆಯ ಉಂಡೆ ಕೊಬ್ಬರಿ ಮುಖ್ಯವಾಗಿ ತಿನ್ನಲು ಮಾರಾಟವಾಗುವಂತಹುದು; ಎಣ್ಣೆಗೆ ಬಳಸುವ ಕೊಬ್ಬರಿಯ ಲೆಕ್ಕಾಚಾರವೇ ಬೇರೆ.

ಸಣ್ಣ ಉದ್ಯಮಿಗಳಿಗೆ ತೆರೆದಿರುವುದು ಕಚ್ಚಾ ಎಣ್ಣೆಯ ಪೂರೈಕೆಯ ದಾರಿ. ಚೆನ್ನಾಗಿ ಒಣಗಿದ, ಬೂಷ್ಟು ಹಿಡಿಯದ ಕೊಬ್ಬರಿ, ಕಮಟು ವಾಸನೆಯಿಲ್ಲದ ಕಲಬೆರಕೆರಹಿತ ಎಣ್ಣೆ, ಪ್ರತಿ ಲಾಟಿಗೂ ಪ್ರಯೋಗಾಲಯದ ವರದಿ – ಇವಿಷ್ಟಿಲ್ಲದೆ ಔಷಧೋದ್ಯಮದ ಬಾಗಿಲು ತೆರೆಯದು. ಗುಣಮಟ್ಟದ ಈ ಶಿಸ್ತನ್ನು ರೂಢಿಸಿಕೊಂಡವರಿಗೆ ಅಡುಗೆ ಎಣ್ಣೆಯ ಮಾರುಕಟ್ಟೆಯಲ್ಲಿಯೂ ನಷ್ಟವಿಲ್ಲ.