ವೆಬ್‌ಸೈಟ್ ಮಾಡಿಸೋಕೆ ದುಡ್ಡಿದೆ, ನೋಡಿಕೊಳ್ಳೋಕೆ?

ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳೆತ್ತಬೇಕು ಅಂತ ಉಡುಪಿಯಲ್ಲಿ ಯಾರಿಗೂ ಪಾಠ ಮಾಡಬೇಕಿಲ್ಲ. ಎತ್ತದಿದ್ದರೆ ಜೂನ್‌ನಲ್ಲಿ ನೀರು ರಸ್ತೆಗೇ ಬರುತ್ತೆ, ಜನ ಬೈತಾರೆ. ಆದರೆ ಸರ್ಕಾರಿ ವೆಬ್‌ಸೈಟ್ ಹಳಸಿದರೆ ಗದ್ದಲವೇ ಆಗಲ್ಲ. ವರ್ಗವಾಗಿ ಹೋದ ಅಧಿಕಾರಿಯ ನಂಬರಿಗೆ ಫೋನ್ ಮಾಡಿದವರಿಗೆ ಮಾತ್ರ ಗೊತ್ತಾಗುತ್ತೆ.

ಉಡುಪಿ ನಗರಸಭೆ (ಮಣಿಪಾಲವೂ ಇದರ ವ್ಯಾಪ್ತಿಯೇ), ಕಾಪು ಮತ್ತು ಕಾರ್ಕಳ ಪುರಸಭೆ, ಮೂರಕ್ಕೂ ವೆಬ್‌ಸೈಟ್ ಇದೆ. ವೇದಿಕೆ ಒದಗಿಸಿರುವುದು ರಾಜ್ಯದ ಪೌರ ಸುಧಾರಣಾ ಕೋಶ. ಜಿಲ್ಲಾಡಳಿತದ ಸೈಟಿಗೆ ಎನ್‌ಐಸಿ ಇದೆ. ಅಂದರೆ ಸರ್ವರ್, ಡೊಮೇನ್‌ಗಳ ದೊಡ್ಡ ತಲೆನೋವು ಊರಿನದಲ್ಲ. ಹಾಗಾದ್ರೆ ಸ್ಥಳೀಯ ಬಜೆಟ್‌ನಲ್ಲಿ ಏನಿಡಬೇಕು?

ಒಬ್ಬ ಮನುಷ್ಯನ ಸಮಯ. ಸಾಮಾನ್ಯ ಸಭೆಯ ನಡಾವಳಿ, ಟೆಂಡರ್ ಪ್ರಕಟಣೆ, ವಾರ್ಡ್ ಸದಸ್ಯರ ವಿವರ ಹೊಸದಾದಾಗಲೆಲ್ಲ ಹಾಕಬೇಕು. ಅದೂ ಓರೆಕೋರೆ ಸ್ಕ್ಯಾನ್ ಅಲ್ಲ. ಯುನಿಕೋಡ್ ಕನ್ನಡದಲ್ಲಿ, ಹುಡುಕಿದರೆ ಸಿಗೋ ಹಾಗೆ. 'ಕಂಪ್ಯೂಟರ್ ಆಪರೇಟರ್ ಬಿಡುವಾದಾಗ ಹಾಕ್ತಾರೆ' ಅನ್ನೋದು ಯೋಜನೆ ಅಲ್ಲ. ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿಗೆ ಆಸ್ತಿ ತೆರಿಗೆ ಕಟ್ಟೋರ ಕ್ಯೂ ನಿಂತಾಗ ಆ ಬಿಡುವು ಎಲ್ಲಿಂದ ಬರಬೇಕು?

ಇದು ಕಚೇರಿಯವರು ಇಷ್ಟವಿದ್ದರೆ ಮಾಡೋ ಉಪಕಾರವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ, ಯಾರೂ ಅರ್ಜಿ ಹಾಕದಿದ್ದರೂ ಬಜೆಟ್, ಸಿಬ್ಬಂದಿ, ಸಬ್ಸಿಡಿ ಯೋಜನೆಗಳ ವಿವರ ಸೇರಿ 17 ಅಂಶಗಳನ್ನು ಪ್ರಕಟಿಸಬೇಕು, ಪ್ರತಿ ವರ್ಷ ಪರಿಷ್ಕರಿಸಬೇಕು. ಕಾನೂನೇ ಹೇಳಿದ ಕೆಲಸಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಇಲ್ಲದಿದ್ದರೆ ಹೇಗೆ?

ಇನ್ನು ಸಂಘ, ಸಹಕಾರಿ ಸೊಸೈಟಿಗಳು ಸ್ವಂತ ಸೈಟ್ ಮಾಡಿಸಿಕೊಂಡರೆ ತಲೆನೋವು ಪೂರ್ತಿ ಅವರದೇ. ಸಾಫ್ಟ್‌ವೇರ್ ಮಂದಿಯ ಒರಟು ಲೆಕ್ಕ ಹೀಗಿದೆ: ಮಾಡಿಸಿದ ಖರ್ಚಿನ ಶೇ. 15ರಿಂದ 20 ಪ್ರತಿ ವರ್ಷ ನಿರ್ವಹಣೆಗೆ. 5 ಲಕ್ಷದ ಸೈಟ್ ಆದರೆ ವರ್ಷಕ್ಕೆ 75 ಸಾವಿರದಿಂದ 1 ಲಕ್ಷ. ಒಮ್ಮೆ ದುಡ್ಡು ಕೊಟ್ಟು ಮರೆಯೋ ಹಾಗಿಲ್ಲ. ಡ್ರುಪಲ್ 7ಕ್ಕೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ನಿಂತಿತು. ಅದರ ಮೇಲೆ ಕಟ್ಟಿದ ಸೈಟುಗಳಿಗೆ ಸ್ಥಳಾಂತರದ ಖರ್ಚು ತಪ್ಪಿದ್ದಲ್ಲ. ಬ್ರೌಸರ್‌ನ ಬೀಗದ ಗುರುತಿಗೆ ಬೇಕಾದ ಸರ್ಟಿಫಿಕೇಟ್‌ನ ಗರಿಷ್ಠ ಅವಧಿ 398 ದಿನ ಇದ್ದದ್ದು ಹಂತಹಂತವಾಗಿ ಇಳಿದು 2029ರ ಮಾರ್ಚ್‌ಗೆ 47 ದಿನವಾಗುತ್ತೆ. ನವೀಕರಣ ತಾನಾಗೇ ಆಗೋ ವ್ಯವಸ್ಥೆ ಇರಬೇಕು, ಅದು ಕೆಟ್ಟಾಗ ನೋಡೋಕೆ ಜನವೂ ಇರಬೇಕು.

ನಗರಸಭೆ, ಪುರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೆದಾಗ ರಸ್ತೆ, ದಾರಿದೀಪದ ಜೊತೆ ಇದನ್ನೂ ಕೇಳಿ: ವೆಬ್‌ಸೈಟ್ ಕೆಲಸ ಯಾರ ಹೆಸರಲ್ಲಿದೆ, ವಾರಕ್ಕೆ ಎಷ್ಟು ಗಂಟೆ, ಅವರು ರಜೆ ಹಾಕಿದರೆ ಯಾರು? ಉತ್ತರ ನಡಾವಳಿಯಲ್ಲಿ ದಾಖಲಾಗಲಿ. ಆ ನಡಾವಳಿ ವೆಬ್‌ಸೈಟಿಗೆ ಬರೋಕೆ ಎಷ್ಟು ದಿನ ಆಯ್ತು ಅಂತಲೂ ನೋಡಿ.